ಹಿತ್ತಾಳೆ ಬಿಲ್ಲೆ, ಹಳೆ ಪದಕ, ತುರ್ತು ನೋಟು: ಕಾಸರಗೋಡಿನಲ್ಲಿದ್ದುಕೊಂಡೇ ಸಂಗ್ರಹ ಶುರು ಮಾಡುವುದು ಹೇಗೆ?

ಹಳೆ ನಾಣ್ಯ ಕೂಡಿಡುವವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ಆದರೆ ನಾಣ್ಯದ ಪಕ್ಕದಲ್ಲೇ ಬಿದ್ದಿರುವ ಮೂರು ಬಗೆಯ ವಸ್ತುಗಳನ್ನು ಹೆಚ್ಚಿನವರು ತಿರುಗಿಯೂ ನೋಡುವುದಿಲ್ಲ. ಒಂದು, ಯಾವುದೋ ಘಟನೆಯ ನೆನಪಿಗೆ ಹೊಡೆಸಿದ ಪದಕ. ಇನ್ನೊಂದು, ಬ್ಯಾಂಕು, ಕ್ಯಾಂಟೀನು, ಕಾರ್ಖಾನೆಗಳಲ್ಲಿ ಕೈಗೆ ಕೊಡುತ್ತಿದ್ದ ಟೋಕನ್. ಮತ್ತೊಂದು, ಯುದ್ಧ ಬಂದಾಗ, ಚಿಲ್ಲರೆ ಮಾಯವಾದಾಗ ಅವಸರಕ್ಕೆ ಹೊರಡಿಸಿದ ಹಣ. ಈ ಲೇಖನ ಇವುಗಳ ಬಗ್ಗೆ. ಕುಂಬಳೆ, ಮಂಜೇಶ್ವರ, ಬದಿಯಡ್ಕ, ಕಾಸರಗೋಡು ಪೇಟೆ, ಹೀಗೆ ಎಲ್ಲಿದ್ದರೂ ಶುರು ಮಾಡಬಹುದು. ದೊಡ್ಡ ಬಂಡವಾಳ ಬೇಡ. ತಾಳ್ಮೆ, ಒಂದು ನೋಟ್‌ಬುಕ್, ಒಳ್ಳೆಯ ಭೂತಗನ್ನಡಿ ಇದ್ದರೆ ಆಯಿತು.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇದರಲ್ಲಿ ಲಕ್ಷ ಸಂಪಾದನೆ ಆಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಾಣ್ಯಕ್ಕೆ ಕ್ಯಾಟಲಾಗ್ ಇದೆ, ಒಂದು ಮಟ್ಟದ ಬೆಲೆ ಇದೆ. ಆದರೆ ನಮ್ಮೂರಿನ ಒಂದು ಹೋಟೆಲಿನ ಊಟದ ಬಿಲ್ಲೆಗೆ ಯಾವ ಪುಸ್ತಕದಲ್ಲೂ ಜಾಗ ಇಲ್ಲ. ಅದು ಯಾವ ಹೋಟೆಲು, ಯಾವ ಕಾಲ, ಯಾರು ಕೊಡುತ್ತಿದ್ದರು ಅಂತ ನೀವು ಬರೆದಿಟ್ಟರೆ ಮಾತ್ರ ಅದಕ್ಕೆ ಅರ್ಥ. ಬರೆಯದಿದ್ದರೆ ಅದು ಬರೀ ಹಿತ್ತಾಳೆ, ಕಿಲೋ ಲೆಕ್ಕದಲ್ಲಿ ಹೋಗುವ ಮಾಲು.

ಮೊದಲು ಒಂದು ದಾರಿ ಹಿಡಿಯಿರಿ

ಸಿಕ್ಕಿದ್ದೆಲ್ಲ ತುಂಬಿಸಿಕೊಳ್ಳುವ ಆಸೆ ಎಲ್ಲರಿಗೂ ಇರುತ್ತದೆ. ಸ್ವಲ್ಪ ದಿನಕ್ಕೆ ಡಬ್ಬ ತುಂಬುತ್ತದೆ, ತಲೆ ಖಾಲಿಯಾಗುತ್ತದೆ. ಅದರ ಬದಲು ಒಂದೇ ದಾರಿ ಹಿಡಿಯಿರಿ. ಬ್ಯಾಂಕ್ ಟೋಕನ್ ಮಾತ್ರ. ಅಥವಾ ಎರಡನೇ ಮಹಾಯುದ್ಧದ ಕಾಲದ ಹಣ ಮಾತ್ರ. ಅಥವಾ ಒಂದು ಗ್ರಾಮದ ಶಾಲೆ, ಸೊಸೈಟಿ, ಉತ್ಸವಗಳಿಗೆ ಸಂಬಂಧಪಟ್ಟ ಪದಕಗಳು ಮಾತ್ರ.

ನನ್ನನ್ನು ಕೇಳಿದರೆ ಹೊಸಬರಿಗೆ ಬ್ಯಾಂಕ್ ಟೋಕನ್ನೇ ಒಳ್ಳೆಯದು. ಕಾರಣ ಇದೆ. ನಮ್ಮ ಕರಾವಳಿ ಬ್ಯಾಂಕುಗಳ ತವರು. ಕೆನರಾ ಬ್ಯಾಂಕ್ 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿತು, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಇವುಗಳಲ್ಲಿ ಮೂರರ ಹೆಸರು ಈಗ ಬೋರ್ಡಿನಲ್ಲಿ ಇಲ್ಲ. ವಿಜಯಾ 2019ರ ಏಪ್ರಿಲ್ 1ಕ್ಕೆ ಬ್ಯಾಂಕ್ ಆಫ್ ಬರೋಡಾ ಸೇರಿತು. ಮರುವರ್ಷ ಅದೇ ತಾರೀಕಿಗೆ ಸಿಂಡಿಕೇಟ್ ಕೆನರಾದೊಳಗೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನೊಳಗೆ ಹೋದವು. ಕಂಪ್ಯೂಟರ್ ಬಂದ ಮೇಲೆ ಹಿತ್ತಾಳೆ ಟೋಕನ್ ಮೂಲೆ ಸೇರಿತ್ತು. ಈಗ ಹೆಸರೂ ಹೋಯಿತು. ಅಂದರೆ ಆ ಹೆಸರಿನ ಬಿಲ್ಲೆ ಇನ್ನು ಹೊಸದಾಗಿ ಹುಟ್ಟುವುದಿಲ್ಲ.

ಈಗಿನ ಹುಡುಗರಿಗೆ ಆ ಟೋಕನ್ ಯಾಕೆ ಅಂತಲೇ ಗೊತ್ತಿರುವುದಿಲ್ಲ. ಚೆಕ್ಕೋ ಹಣ ತೆಗೆಯುವ ಸ್ಲಿಪ್ಪೋ ಕೌಂಟರಿನಲ್ಲಿ ಕೊಟ್ಟರೆ ಗುಮಾಸ್ತರು ಒಂದು ಬಿಲ್ಲೆ ಕೊಟ್ಟು ಅದರ ನಂಬರನ್ನು ಕಾಗದದ ಮೇಲೆ ಬರೆದುಕೊಳ್ಳುತ್ತಿದ್ದರು. ಕಾಗದ ಒಳಗೆ ಮೇಜಿನಿಂದ ಮೇಜಿಗೆ ಹೋಗಿ, ಲೆಡ್ಜರ್ ನೋಡಿ, ಸಹಿ ಬಿದ್ದು ಕ್ಯಾಶಿಯರ್ ಹತ್ತಿರ ಬರುವವರೆಗೆ ನೀವು ಬೆಂಚಿನ ಮೇಲೆ ಕೂತಿರಬೇಕು. ಅವರು ನಂಬರ್ ಕೂಗಿದಾಗ ಬಿಲ್ಲೆ ಕೊಟ್ಟು ದುಡ್ಡು ತೆಗೆದುಕೊಳ್ಳಬೇಕು. ಅಷ್ಟೇ ಅದರ ಆಯುಸ್ಸು, ಒಂದು ಗಂಟೆ, ಮತ್ತೆ ಇನ್ನೊಬ್ಬರ ಕೈಗೆ.

ಹುಡುಕುವುದು ಎಲ್ಲಿ?

ಮೊದಲು ಮನೆ. ಅಟ್ಟ, ಪತ್ತಾಯದ ಅಡಿ, ಅಜ್ಜಿಯ ವೀಳ್ಯದ ಪೆಟ್ಟಿಗೆ, ಹೊಲಿಗೆ ಮಿಷಿನಿನ ಡ್ರಾಯರ್. ಆಮೇಲೆ ನೆಂಟರ ಮನೆ. ಇಲ್ಲಿ ಕೇಳುವ ರೀತಿ ಮುಖ್ಯ. "ಹಳೆ ಕಾಯಿನ್ ಉಂಟಾ?" ಅಂತ ಕೇಳಿದರೆ ಎಲ್ಲರೂ "ಇಲ್ಲ ಮಾರಾಯ, ಇದ್ದದ್ದೆಲ್ಲ ಮಕ್ಕಳು ಆಡಿ ಕಳೆದ್ರು" ಅಂತಲೇ ಹೇಳುವುದು. ಅದರ ಬದಲು, "ಮಾವ, ಮೊದಲು ಬ್ಯಾಂಕಿನಲ್ಲಿ ದುಡ್ಡು ತೆಗೆಯುವಾಗ ಕೈಗೆ ಏನು ಕೊಡ್ತಿದ್ರು?" ಅಂತ ಕೇಳಿ ನೋಡಿ. ಮಾತು ಶುರುವಾಗುತ್ತದೆ. ಮಾತಿನ ನಡುವೆ ಯಾರೋ ಒಬ್ಬರು ಎದ್ದು ಒಳಗೆ ಹೋಗಿ ಒಂದು ಪೊಟ್ಟಣ ತರುತ್ತಾರೆ. ಅವರು ಹೇಳುವಾಗ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಕೇಳಿಯೇ ಮಾಡಿ.

ಎರಡನೆಯದು ಗುಜರಿ ಅಂಗಡಿ. ಉಪ್ಪಳ, ಕುಂಬಳೆ, ಕಾಸರಗೋಡು, ಎಲ್ಲ ಕಡೆ ಇವೆ. ಹೋಗಿ ರಾಶಿಯಲ್ಲಿ ಕೈ ಹಾಕಿ ಕೆದಕಬೇಡಿ, ಅವರಿಗೂ ಸಿಟ್ಟು ಬರುತ್ತದೆ. "ಕಾಕಾ, ನಂಬರ್ ಇರುವ ಹಿತ್ತಾಳೆ ಬಿಲ್ಲೆ ಬಂದ್ರೆ ಲೋಡಿಗೆ ಹಾಕುವ ಮೊದಲು ನನಗೊಂದು ಫೋನ್ ಮಾಡಿ, ತೂಕದ ರೇಟಿಗಿಂತ ಜಾಸ್ತಿ ಕೊಡ್ತೇನೆ" ಅಂದು ನಂಬರ್ ಕೊಟ್ಟು ಬನ್ನಿ. ಫೋನ್ ಬಂದ ದಿನ ಮಳೆ ಇದ್ದರೂ ಹೋಗಿ, ಬಂದದ್ದು ಕೆಲಸಕ್ಕೆ ಬಾರದ್ದಾದರೂ ಏನಾದರೂ ಒಂದು ತೆಗೆದುಕೊಳ್ಳಿ. ಇಲ್ಲದಿದ್ದರೆ ಎರಡನೇ ಸಲ ಫೋನ್ ಬರುವುದಿಲ್ಲ.

ಮೂರನೆಯದು ಪಾತ್ರೆ ಅಂಗಡಿ ಮತ್ತು ಬೆಳ್ಳಿ ಕೆಲಸದ ಆಚಾರಿಗಳು. ಹಳೆ ಪದಕಗಳು ಕರಗಲು ಬರುವುದು ಇವರ ಹತ್ತಿರ. ಬೆಳ್ಳಿಯ ರೇಟು ಏರಿದಾಗಲೆಲ್ಲ ಮನೆಯಲ್ಲಿದ್ದ ಬಹುಮಾನದ ಪದಕಗಳು ಕಾಲ್ಗೆಜ್ಜೆ ಆಗಿಹೋಗುತ್ತವೆ. ಒಂದು ಮಾತು ಹೇಳಿಟ್ಟರೆ ಫೋಟೋ ತೆಗೆದುಕೊಳ್ಳಲಿಕ್ಕಾದರೂ ಬಿಡುತ್ತಾರೆ.

ಆನ್‌ಲೈನ್ ಕೊನೆಗೆ ಇಟ್ಟುಕೊಳ್ಳಿ. ಅಲ್ಲಿ ವಸ್ತು ಸಿಗುತ್ತದೆ, ಕಥೆ ಸಿಗುವುದಿಲ್ಲ.

ಒಂದು ಎಚ್ಚರಿಕೆ. ಈಗಲೂ ಬಳಕೆಯಲ್ಲಿರುವ ಟೋಕನ್ನನ್ನು ಜೇಬಿಗೆ ಹಾಕಿಕೊಂಡು ಬರುವುದು ಸಂಗ್ರಹ ಅಲ್ಲ, ಕಳ್ಳತನ. ಬೆಂಗಳೂರಿನ ಮೆಟ್ರೋ ಟೋಕನ್ನೂ ಅದೇ ಲೆಕ್ಕ.

ಕೈಗೆ ಬಂದದ್ದನ್ನು ಓದುವುದು

ಈಗ ಮುಖ್ಯ ಕೆಲಸ. ಬಿಲ್ಲೆಯನ್ನು ತೊಳೆಯಬೇಡಿ, ಉಜ್ಜಬೇಡಿ. ಕಿಟಕಿಯ ಹತ್ತಿರ ಹಿಡಿದು ಬೆಳಕು ಪಕ್ಕದಿಂದ ಬೀಳುವ ಹಾಗೆ ಓರೆ ಮಾಡಿ ನೋಡಿ. ಸವೆದ ಅಕ್ಷರಗಳು ಹೀಗೆ ಮಾಡಿದರೆ ಏಳುತ್ತವೆ. ಏಳದಿದ್ದರೆ ತೆಳು ಕಾಗದ ಮೇಲಿಟ್ಟು ಪೆನ್ಸಿಲಿನಿಂದ ಹಗುರವಾಗಿ ಉಜ್ಜಿ.

ನಾನು ಈ ಸಾಲು ಬರೆಯುವಾಗ ಮೇಜಿನ ಮೇಲೆ ಒಂದು ಬ್ಯಾಂಕ್ ಟೋಕನ್ ಇದೆ. ಹಿತ್ತಾಳೆ, ದುಂಡಗೆ, ನಡುವೆ 144. ಭೂತಗನ್ನಡಿಯಲ್ಲಿ ನೋಡಿದರೆ ಎರಡು 4ಗಳೂ ಒಂದೇ ರೀತಿ ಎಡಕ್ಕೆ ವಾಲಿವೆ, ಆದರೆ ಒಂದು ಆಳ, ಇನ್ನೊಂದು ತೇಲು. ಅಂದರೆ ಬ್ಯಾಂಕಿನ ಹೆಸರು ಅಚ್ಚಿನಲ್ಲಿ ಬಂದದ್ದು, ನಂಬರನ್ನು ಮಾತ್ರ ಆಮೇಲೆ ಒಬ್ಬರು ಕೂತು ಸುತ್ತಿಗೆಯಿಂದ ಒಂದೊಂದೇ ಅಂಕಿ ಹೊಡೆದದ್ದು. ಮೇಲೆ ಒಂದು ತೂತು. ಆ ತೂತು ದುಂಡಗಿಲ್ಲ, ಮೇಲ್ಮುಖವಾಗಿ ಸ್ವಲ್ಪ ಉದ್ದಕ್ಕೆ ಸವೆದಿದೆ. ಮೊಳೆ ಹೊಡೆದ ಹಲಗೆಯಲ್ಲಿ ವರ್ಷಗಟ್ಟಲೆ ನೇತಾಡಿದ ಗುರುತು ಅದು. ಹಿಂಬದಿ ಖಾಲಿ, ಆದರೆ ನುಣುಪು. ಜನ ಕಾಯುವಾಗ ಹೆಬ್ಬೆರಳಿನಿಂದ ತೀಡುವುದು ಆ ಬದಿಯನ್ನೇ. ಇಷ್ಟನ್ನೂ ಕಾರ್ಡಿನಲ್ಲಿ ಬರೆಯಬೇಕು.

ಇನ್ನು ಕಾಲ ಗುರುತಿಸುವುದು. ಟೋಕನ್‌ಗಳ ಮೇಲೆ ಇಸವಿ ಇರುವುದು ಕಡಿಮೆ. ಆದರೆ ಕಾಸರಗೋಡಿನವರಿಗೆ ಒಂದು ಅನುಕೂಲ ಇದೆ. ನಮ್ಮ ಊರಿನ ವಿಳಾಸ ಅಷ್ಟು ಸಲ ಬದಲಾಗಿದೆ! 1956ರ ನವೆಂಬರ್ 1ರವರೆಗೆ ನಾವು ದಕ್ಷಿಣ ಕನ್ನಡ ಜಿಲ್ಲೆ. ಆಮೇಲೆ ಕೇರಳ. 1957ರಿಂದ ಕಣ್ಣೂರು ಜಿಲ್ಲೆ. 1984ರ ಮೇ ತಿಂಗಳಿಂದ ಕಾಸರಗೋಡೇ ಒಂದು ಜಿಲ್ಲೆ. ಹಾಗಾಗಿ ನಮ್ಮೂರಿನ ಬಿಲ್ಲೆಯಲ್ಲೋ ಕೂಪನ್ನಿನಲ್ಲೋ ಪದಕದಲ್ಲೋ "ಸೌತ್ ಕೆನರಾ" ಅಂತ ಇದ್ದರೆ ಅದು ಬಹುಪಾಲು ಮೊದಲನೇ ಕಾಲದ್ದು, "ಕೆನನೂರ್ ಡಿಸ್ಟ್ರಿಕ್ಟ್" ಅಂತ ಇದ್ದರೆ ನಡುವಿನ ಇಪ್ಪತ್ತೇಳು ವರ್ಷದ್ದು. ಬಹುಪಾಲು ಅಂದದ್ದು ಯಾಕೆಂದರೆ ಹಳೆ ಅಚ್ಚನ್ನು ಎಸೆಯದೆ ಮುಂದೆಯೂ ಹೊಡೆಸಿದವರು ಇರುತ್ತಾರೆ, ನಮ್ಮವರ ಉಳಿತಾಯ ಬುದ್ಧಿ ಗೊತ್ತಲ್ಲ.

ಹಣದ ಲೆಕ್ಕವೂ ಹೇಳುತ್ತದೆ. ಆಣೆ, ಪೈ ಇದ್ದರೆ 1957ರ ಏಪ್ರಿಲ್‌ಗೆ ಮೊದಲಿನ ಯೋಚನೆ. ಆಗ ರೂಪಾಯಿಗೆ 16 ಆಣೆ, 192 ಪೈ. "ನಯೇ ಪೈಸೆ" ಇದ್ದರೆ 1957ರಿಂದ 1964ರ ನಡುವೆ. ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ, ಹಾಗಾಗಿ ಆರಂಕಿಯ ಪಿನ್ ಕಂಡರೆ ಅದಕ್ಕಿಂತ ಈಚಿನದು. ₹ ಗುರುತು ಇದ್ದರೆ 2010ರ ನಂತರದ್ದು. ಮೈಸೂರು ರಾಜ್ಯ ಅಂತ ಇದ್ದರೆ 1973ರ ನವೆಂಬರ್‌ಗೆ ಮೊದಲು. ಫೋನ್ ನಂಬರಿನಲ್ಲಿ ಎರಡೋ ಮೂರೋ ಅಂಕಿ ಇದ್ದರೆ ಹಳೆಯ ಎಕ್ಸ್‌ಚೇಂಜ್ ಕಾಲ. ಇವನ್ನೆಲ್ಲ ಒಂದರ ಮೇಲೊಂದು ಇಟ್ಟು ನೋಡಿದರೆ ಹತ್ತು ಹದಿನೈದು ವರ್ಷದ ಅಂತರಕ್ಕೆ ತಂದು ನಿಲ್ಲಿಸಬಹುದು. ಕನ್ನಡ ಮಾತ್ರ ಇದೆಯಾ, ಮಲಯಾಳವೂ ಇದೆಯಾ ಅನ್ನುವುದು ಒಂದು ಸುಳಿವು ಹೌದು, ಆದರೆ ಅದೊಂದನ್ನೇ ನಂಬಿ ಕಾಲ ಹೇಳಲಿಕ್ಕೆ ಹೋಗಬೇಡಿ.

ಲೋಹ ಯಾವುದು ಅಂತ ಮನೆಯಲ್ಲೇ ನೋಡುವುದು

ಪದಕ ಬೆಳ್ಳಿಯದೋ ಬೆಳ್ಳಿ ನೀರು ಕುಡಿಸಿದ ಹಿತ್ತಾಳೆಯೋ ಅಂತ ತಿಳಿಯಲು ಕಲ್ಲಿಗೆ ಉಜ್ಜಬೇಕಿಲ್ಲ, ಆಸಿಡ್ ಹಾಕಬೇಕಿಲ್ಲ. 0.01 ಗ್ರಾಂ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿ ಒಂದು ಸಾಕು.

ಪದಕವನ್ನು ಮೊದಲು ಹಾಗೇ ತೂಗಿ. 28 ಗ್ರಾಂ ಬಂತು ಅನ್ನಿ. ಈಗ ಒಂದು ಗ್ಲಾಸಿನಲ್ಲಿ ಅರ್ಧ ನೀರು ತುಂಬಿ ತಕ್ಕಡಿ ಮೇಲಿಟ್ಟು ಸೊನ್ನೆಗೆ ತನ್ನಿ. ಪದಕವನ್ನು ತೆಳು ನೂಲಿನಲ್ಲಿ ಕಟ್ಟಿ ನೀರಿನೊಳಗೆ ಪೂರ್ತಿ ಮುಳುಗಿಸಿ ಕೈಯಲ್ಲಿ ಹಿಡಿದುಕೊಳ್ಳಿ. ತಳಕ್ಕೂ ಬದಿಗೂ ತಾಗಬಾರದು. ಗಾಳಿಗುಳ್ಳೆ ಅಂಟಿದ್ದರೆ ಮೆಲ್ಲ ಅಲುಗಾಡಿಸಿ. ತಕ್ಕಡಿ ಈಗ 2.7 ತೋರಿಸಿತು ಅಂದರೆ 28ನ್ನು 2.7ರಿಂದ ಭಾಗಿಸಿ, ಸುಮಾರು 10.4. ಇದು ಒಳ್ಳೆಯ ಬೆಳ್ಳಿಯ ಲೆಕ್ಕ. ಅದೇ 3.3 ತೋರಿಸಿದರೆ 8.5, ಹಿತ್ತಾಳೆ. ತಾಮ್ರ 8.9ರ ಹತ್ತಿರ, ಸೀಸ 11.3, ಅಲ್ಯೂಮಿನಿಯಂ 2.7. ಕಾಗದದ ಅಥವಾ ಬಟ್ಟೆಯ ರಿಬ್ಬನ್ ಇದ್ದರೆ ಈ ಪರೀಕ್ಷೆ ಬೇಡ. ಮೀನಾಕಾರಿ ಬಣ್ಣ ಇರುವ ಪದಕಕ್ಕೂ ಬೇಡ.

ಅಚ್ಚು ಹೊಡೆದದ್ದೋ ಎರಕ ಹೊಯ್ದದ್ದೋ ಅಂತ ನೋಡುವುದು ಇದಕ್ಕಿಂತಲೂ ಮುಖ್ಯ. ಎರಕದ ನಕಲಿನಲ್ಲಿ ಅಂಚಿನ ಸುತ್ತ ಒಂದು ಜೋಡಣೆ ಗೆರೆ ಇರುತ್ತದೆ, ಇಲ್ಲದಿದ್ದರೆ ಅದನ್ನು ಅರದಿಂದ ತಿಕ್ಕಿದ ಗೀರುಗಳು. ಅಕ್ಷರದ ಮೂಲೆಗಳು ಚೂಪಾಗಿರುವುದಿಲ್ಲ, ಮೈಯಲ್ಲಿ ಸೂಜಿ ಮೊನೆಯಷ್ಟು ಗುಳಿಗಳು. ಒಂದೇ ಜಾಗದಲ್ಲಿ ಒಂದೇ ಏಟು ಬಿದ್ದ ಎರಡು ಪದಕಗಳು ಒಬ್ಬನೇ ವ್ಯಾಪಾರಿಯ ಹತ್ತಿರ ಕಂಡರೆ ಸುಮ್ನೆ ನಮಸ್ಕಾರ ಹೇಳಿ ಹೊರಗೆ ಬನ್ನಿ.

ರಾಮ ಲಕ್ಷ್ಮಣ ಹನುಮಂತನ "ಕಂಪೆನಿ ನಾಣ್ಯ"

ಇದನ್ನು ಬೇರೆಯೇ ಹೇಳಬೇಕು, ಅಷ್ಟು ಜನ ಮೋಸ ಹೋಗಿದ್ದಾರೆ. ಈಸ್ಟ್ ಇಂಡಿಯಾ ಕಂಪೆನಿ, ಒಂದಾಣೆ, 1818 ಅಂತಲೋ 1616 ಅಂತಲೋ ಒಂದು ಬದಿ, ಇನ್ನೊಂದು ಬದಿ ದೇವರ ಚಿತ್ರ. ತಾಮ್ರದ ಬಣ್ಣ. ಕೋಟಿ ಬೆಲೆ ಅನ್ನುತ್ತಾರೆ. ಕಂಪೆನಿ ಇಂಥ ನಾಣ್ಯ ಹೊಡೆಸಿಯೇ ಇಲ್ಲ. ಕಂಪೆನಿ ದೇವರ ಚಿತ್ರವನ್ನೇ ಹಾಕಿಲ್ಲ ಅಂತ ಕೆಲವರು ವಾದಿಸುತ್ತಾರೆ, ಅದೂ ಸರಿಯಲ್ಲ. ಮದ್ರಾಸಿನಲ್ಲಿ ಹೊಡೆದ ಚಿನ್ನದ ನಕ್ಷತ್ರ ವರಹದಲ್ಲಿ ವಿಷ್ಣು ಇದ್ದಾನೆ. ಆದರೆ ತಾಮ್ರದ ಒಂದಾಣೆ ಅನ್ನುವುದು ಕಂಪೆನಿ ಕಾಲದಲ್ಲಿ ಇರಲೇ ಇಲ್ಲ. ಕಂಪೆನಿಯ ತಾಮ್ರದ ದೊಡ್ಡದು ಅರ್ಧ ಆಣೆ, ಅದರಲ್ಲಿ ಇರುವುದು ಕಂಪೆನಿಯ ಲಾಂಛನ. ಒಂದಾಣೆ ನಾಣ್ಯ ಬಂದದ್ದು ಇಪ್ಪತ್ತನೇ ಶತಮಾನದ ಶುರುವಿನಲ್ಲಿ, ಎಡ್ವರ್ಡ್ ದೊರೆಯ ಕಾಲದಲ್ಲಿ, ಕುಪ್ರೊನಿಕಲ್‌ನಲ್ಲಿ, ಅಂದರೆ ತಾಮ್ರ ನಿಕಲ್ ಬೆರಕೆಯಲ್ಲಿ.

ಇದೇ ಬಿಲ್ಲೆಯನ್ನು ಹಿಡಿದುಕೊಂಡು "ಅಕ್ಕಿ ಕಾಳು ಎಳೆಯುತ್ತದೆ" ಅಂತ ಬರುವವರೂ ಇದ್ದಾರೆ. ಬಿಲ್ಲೆಗೆ ವಿಶೇಷ ಶಕ್ತಿ ಇದೆ ಅಂತ ನಂಬಿಸಿ ದುಡ್ಡು ಕೀಳುವ ರೈಸ್ ಪುಲ್ಲರ್ ದಂಧೆ ಇದು. ಅಂಥವರನ್ನು ಮನೆಯೊಳಗೆ ಕೂರಿಸಬೇಡಿ. ಹಾಗೆಯೇ ಹಳೆ ಐದು ರೂಪಾಯಿಗೆ ಲಕ್ಷ ಕೊಡುತ್ತೇವೆ, ಮೊದಲು ರಿಜಿಸ್ಟ್ರೇಷನ್ ಫೀ ಕಳಿಸಿ ಅನ್ನುವ ಫೋನುಗಳು. ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಪ್ರಕಟಣೆ ಹೊರಡಿಸಿ, ಹಳೆ ನೋಟು ನಾಣ್ಯಗಳ ಇಂಥ ವ್ಯವಹಾರ ತಾನು ಮಾಡುವುದಿಲ್ಲ, ಅದಕ್ಕೆ ಯಾರಿಗೂ ಅಧಿಕಾರ ಕೊಟ್ಟಿಲ್ಲ ಅಂತ ಸ್ಪಷ್ಟವಾಗಿ ಹೇಳಿದೆ.

ಹಾಗಂತ ರಾಮ ಸೀತೆಯರ ಚಿತ್ರ ಇರುವ ಬಿಲ್ಲೆಗಳೆಲ್ಲ ಕಸ ಅಲ್ಲ. ರಾಮಟಂಕಿ ಅಂತ ಪೂಜೆಗೆ ಇಡುವ ಬಿಲ್ಲೆಗಳ ಸಂಪ್ರದಾಯ ಹಳೆಯದು, ಅದನ್ನೇ ಒಂದು ವಿಭಾಗ ಮಾಡಿ ಕೂಡಿಡುವವರು ಇದ್ದಾರೆ. ದೇವರ ಬಿಲ್ಲೆ ಅಂತಲೇ ಕೊಂಡುಕೊಳ್ಳಿ, ನಾಣ್ಯ ಅಂತ ಅಲ್ಲ.

ತುರ್ತು ಹಣ

ನನಗೆ ಎಲ್ಲಕ್ಕಿಂತ ಇಷ್ಟವಾದ ವಿಭಾಗ ಇದು. ಹಣ ಸರಿಯಾಗಿ ನಡೆಯುವಾಗ ಯಾರೂ ಅದರ ಬಗ್ಗೆ ಯೋಚಿಸುವುದಿಲ್ಲ. ಅದು ಕೈಕೊಟ್ಟಾಗ ಜನ ಏನೇನು ಮಾಡಿದರು ಅನ್ನುವುದು ಇಲ್ಲಿ ಕಾಣುತ್ತದೆ.

ಶುರು ಮಾಡುವುದಾದರೆ ಒಟ್ಟೆ ಮುಕ್ಕಾಲಿನಿಂದ ಮಾಡಿ. ನಡುವೆ ದೊಡ್ಡ ತೂತು ಇರುವ ಕಂಚಿನ ಒಂದು ಪೈಸೆ, 1943ರಿಂದ 1947ರವರೆಗೆ ಬಂದದ್ದು. ಯುದ್ಧಕ್ಕೆ ಲೋಹ ಬೇಕಾಗಿತ್ತು, ಚಿಲ್ಲರೆಯೂ ಬೇಕಾಗಿತ್ತು, ನಡುವನ್ನು ತೆಗೆದುಬಿಟ್ಟರು. ಈಗಲೂ ಕಡಿಮೆ ಬೆಲೆಗೆ ಸಿಗುತ್ತದೆ. ಅದರ ಜೊತೆಗೆ 1940ಕ್ಕೆ ಮೊದಲಿನ ಒಂದು ಬೆಳ್ಳಿ ರೂಪಾಯಿ, 1940ರ ನಂತರದ್ದು ಒಂದು ಇಡಿ. ಮೊದಲನೆಯದರಲ್ಲಿ ನೂರಕ್ಕೆ 91.7 ಭಾಗ ಬೆಳ್ಳಿ, ಎರಡನೆಯದರಲ್ಲಿ ಅರ್ಧಕ್ಕರ್ಧ. 1947ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಬರೀ ನಿಕಲ್. ಮೂರನ್ನು ಸಾಲಾಗಿ ಇಟ್ಟರೆ ಯುದ್ಧದ ಖರ್ಚು ಕಣ್ಣಿಗೇ ಕಾಣುತ್ತದೆ. ಮೊದಲನೇ ಯುದ್ಧದಲ್ಲೂ ಇದೇ ಪಾಡು. ಬೆಳ್ಳಿ ಸಾಲದೆ 1917ರಲ್ಲಿ ಒಂದು ರೂಪಾಯಿಯ ಕಾಗದದ ನೋಟು ಬಂತು, 1918ರಲ್ಲಿ ಎರಡು ರೂಪಾಯಿ ಎಂಟಾಣೆಯ ನೋಟು. ಆ ಎರಡೂವರೆ ರೂಪಾಯಿ ನೋಟು ದುಬಾರಿ, ನಕಲೂ ಜಾಸ್ತಿ. ಗೊತ್ತಿರುವವರನ್ನು ಕೇಳದೆ ಕೈ ಹಾಕಬೇಡಿ.

ಎರಡನೇ ಯುದ್ಧದ ಹೊತ್ತಿಗೆ ಚಿಲ್ಲರೆಗೆ ಎಷ್ಟು ಬರ ಬಂತೆಂದರೆ ಮೋರ್ವಿ, ಜುನಾಗಢ, ಬಿಕಾನೇರ್, ಬೂಂದಿಯಂಥ ಸಂಸ್ಥಾನಗಳು ರಟ್ಟಿನ ಚೀಟಿಗಳನ್ನೇ ಪೈಸೆ, ಆಣೆ ಅಂತ ಹಂಚಿದವು. ನಮ್ಮ ಜಿಲ್ಲೆ ಮದ್ರಾಸಿನ ಕೈಕೆಳಗಿತ್ತು, ಇಲ್ಲಿ ಅಂಥ ಸಂಸ್ಥಾನದ ಚೀಟಿ ಇರಲಿಲ್ಲ. ಹಾಗಾಗಿ ಇಲ್ಲಿನ ಅಟ್ಟದಲ್ಲಿ ಅದು ಸಿಕ್ಕಿತು ಅಂತ ಯಾರಾದರೂ ಹೇಳಿದರೆ ಆ ಕಡೆ ಕೆಲಸಕ್ಕೆ ಇದ್ದವರು ಮನೆಯಲ್ಲಿ ಯಾರಿದ್ದರು ಅಂತ ಕೇಳಿ.

ಇಲ್ಲಿ ಸಿಗುವ ಸಾಧ್ಯತೆ ಇರುವುದು ಬರ್ಮಾ, ಮಲಯಾ ಕಡೆಯ ಕಾಗದ. 1942ರಲ್ಲಿ ಜಪಾನಿನ ಸೈನ್ಯ ಆ ದೇಶಗಳನ್ನು ಹಿಡಿದ ಮೇಲೆ ತನ್ನದೇ ನೋಟು ಅಚ್ಚು ಹಾಕಿತು. ಬರ್ಮಾಕ್ಕೆ ರೂಪಾಯಿ, ಮಲಯಾಕ್ಕೆ ಡಾಲರ್. ನೋಟಿನ ಮೇಲಿನ ಅಕ್ಷರ ನೋಡಿ, "ಬಿ"ಯಿಂದ ಶುರುವಾದರೆ ಬರ್ಮಾ, "ಎಂ" ಆದರೆ ಮಲಯಾ. ಯುದ್ಧ ಮುಗಿದ ದಿನ ಇವು ಬರೀ ಕಾಗದವಾದವು. ಅಲ್ಲಿಂದ ಬಂದವರು ಟ್ರಂಕಿನಲ್ಲಿ ತಂದದ್ದು ಹಾಗೇ ಉಳಿದಿರುತ್ತದೆ. ಬೆಲೆ ಜಾಸ್ತಿ ಇಲ್ಲ, ಹೊಸಬರಿಗೆ ಹೇಳಿ ಮಾಡಿಸಿದ ವಸ್ತು.

ಗಲ್ಫ್ ನಂಟಿನ ಮನೆಗಳಲ್ಲಿ ಇನ್ನೊಂದು ಹುಡುಕಬಹುದು. ತುರ್ತು ಹಣ ಅಲ್ಲ, ಅದರ ಅಣ್ಣತಮ್ಮ. ಕೊಲ್ಲಿ ದೇಶಗಳಲ್ಲಿ ಒಂದು ಕಾಲದಲ್ಲಿ ನಮ್ಮ ರೂಪಾಯಿಯೇ ನಡೆಯುತ್ತಿತ್ತು. ಅದರಿಂದ ಚಿನ್ನದ ಕಳ್ಳಸಾಗಣೆ ಹೆಚ್ಚಿದಾಗ 1959ರಲ್ಲಿ ರಿಸರ್ವ್ ಬ್ಯಾಂಕ್ ಆ ಕಡೆಗೆಂದೇ ಬೇರೆ ಬಣ್ಣದ ನೋಟು ತಂದಿತು, ನಂಬರಿನ ಮೊದಲು "ಝಡ್". ಹಜ್ ಯಾತ್ರೆಗೆ ಹೋಗುವವರಿಗೂ ಬೇರೆ ನೋಟು, 10 ಮತ್ತು 100 ರೂಪಾಯಿಯವು, ನಂಬರಿನ ಮೊದಲು "ಎಚ್‌ಎ". ಇವು ಈಗ ತುಂಬಾ ದುಬಾರಿ. ಸಿಕ್ಕರೆ ಮಡಿಕೆ ಬಿಡಿಸುವ ಸಾಹಸ ಬೇಡ, ಹಾಗೇ ಒಂದು ಪ್ಲಾಸ್ಟಿಕ್ ಹಾಳೆಯೊಳಗೆ ಇಟ್ಟು ತಿಳಿದವರಿಗೆ ತೋರಿಸಿ.

ಹೊರದೇಶದ್ದು ಬೇಕಾದರೆ ಜರ್ಮನಿಯ ನೋಟ್‌ಗೆಲ್ಡ್, ಅಂದರೆ ಅಲ್ಲಿನ ತುರ್ತು ಹಣ. 1914ರಿಂದ 1923ರವರೆಗೆ ಅಲ್ಲಿ ಊರೂರೂ ತನ್ನದೇ ಚೀಟಿ ಅಚ್ಚು ಹಾಕಿತು. ಮೈಸೆನ್‌ನಲ್ಲಿ ಪಿಂಗಾಣಿಯ ನಾಣ್ಯ, ಬೀಲೆಫೆಲ್ಡ್‌ನಲ್ಲಿ ರೇಷ್ಮೆಯ ನೋಟು! ಆದರೆ ಒಂದು ವಿಷಯ ತಿಳಿದಿರಲಿ. 1920ರಿಂದ 1922ರ ನಡುವಿನ ಬಣ್ಣಬಣ್ಣದ ಸರಣಿಗಳಲ್ಲಿ ಹೆಚ್ಚಿನವು ಸಂಗ್ರಹಕಾರರಿಗೆ ಮಾರಲಿಕ್ಕೆಂದೇ ಹೊರಟದ್ದು. ಚಂದ ಇರುತ್ತವೆ, ಆದರೆ ಅಂಗಡಿಯಲ್ಲಿ ಓಡಾಡಿದ್ದು ಕಡಿಮೆ. ನನಗೆ ಕೊಳೆಯಾಗಿ ಮಡಿಚಿ ಹೋದ ಚೀಟಿಯೇ ಹೆಚ್ಚು ಇಷ್ಟ.

ಇನ್ನು ಇವತ್ತಿನದ್ದನ್ನು ಮರೆಯಬೇಡಿ. ಚಿಲ್ಲರೆ ಇಲ್ಲ ಅಂತ ಕಂಡಕ್ಟರು ಟಿಕೆಟ್ ಹಿಂದೆ ಬಾಕಿ ಬರೆದು ಕೊಡುತ್ತಾರಲ್ಲ, ಅದೂ ತುರ್ತು ಹಣವೇ ಅಲ್ವಾ? ಅಂಗಡಿಯವರು ಎರಡು ರೂಪಾಯಿ ಬದಲಿಗೆ ಕೊಡುವ ಚೀಟಿ, ಜಾತ್ರೆಯ ಐಸ್‌ಕ್ರೀಮ್ ಕೂಪನ್, ಕಾರ್ಯಕ್ರಮದ ಊಟದ ಟೋಕನ್ ಒಂದೊಂದು ತೆಗೆದಿಡಿ, ತಾರೀಕು ಹಾಕಿ. ಇದಕ್ಕೆ ದುಡ್ಡು ಕೊಡಬೇಕಾಗಿಲ್ಲ.

ಪದಕಗಳು

ಪದಕ ಸಿಕ್ಕಿದರೆ ಮೊದಲು ನೋಡಬೇಕಾದದ್ದು ಅಂಚು. ಮೊದಲನೇ ಮಹಾಯುದ್ಧದ ಹೆಚ್ಚಿನ ಬ್ರಿಟಿಷ್ ಪದಕಗಳ ಅಂಚಿನಲ್ಲಿ ಸೈನಿಕನ ನಂಬರ್, ಹುದ್ದೆ, ಹೆಸರು, ಪಲ್ಟಣ ಕೊರೆದಿರುತ್ತದೆ. ಅದರಿಂದ ಒಬ್ಬ ಮನುಷ್ಯನನ್ನೇ ಹುಡುಕಬಹುದು. ಅದರಲ್ಲೂ ಯುದ್ಧ ಪದಕ ಬೆಳ್ಳಿಯದು, ಕೂಲಿ ದಳದವರಿಗೆ ಮಾತ್ರ ಕಂಚಿನದು ಕೊಟ್ಟರು. ಹಾಗಾಗಿ ಅಲ್ಲಿ ಕಂಚಿನದ್ದೇ ಅಪರೂಪ. ಅಂಚನ್ನು ಅರದಿಂದ ತಿಕ್ಕಿ ಹೆಸರು ಅಳಿಸಿದ್ದರೆ ಅದರ ಬೆಲೆಯೂ ಕಥೆಯೂ ಅರ್ಧಕ್ಕಿಂತ ಹೆಚ್ಚು ಹೋಯಿತು. ನಿವೃತ್ತ ಸೈನಿಕರ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವುದು ಸ್ವಾತಂತ್ರ್ಯದ 25ನೇ ವರ್ಷದ ಪದಕ. 1972ರ ಆಗಸ್ಟ್ 15ಕ್ಕೆ ಕೆಲಸದಲ್ಲಿದ್ದ ಎಲ್ಲರಿಗೂ ಕೊಟ್ಟದ್ದು.

ನಮ್ಮ ಸೀಮೆಗೆ ಹತ್ತಿರದ ಒಂದು ಪದಕದ ಬಗ್ಗೆ ಹೇಳದಿದ್ದರೆ ಆಗುವುದಿಲ್ಲ. 1837ರಲ್ಲಿ ಸುಳ್ಯದಿಂದ ಹೊರಟ ರೈತರ ದಂಡು ಮಂಗಳೂರನ್ನೇ ಹಿಡಿದ ಕಥೆ ಗೊತ್ತಲ್ಲ? ಅದನ್ನು ಅಡಗಿಸಲು ಕಂಪೆನಿ ಸರಕಾರದ ಪರ ನಿಂತ ಕೊಡವರಿಗೆ ಚಿನ್ನದಲ್ಲೂ ಬೆಳ್ಳಿಯಲ್ಲೂ ಪದಕ ಹೊಡೆಸಿ ಕೊಟ್ಟರು. ಒಂದು ಬದಿ ಕತ್ತಿ ಎತ್ತಿದ ಕೊಡಗಿನ ವೀರ, ಸುತ್ತ ಕನ್ನಡದ ಬರಹ. ಗೆದ್ದವರ ಕಡೆಯ ಪದಕ ಅದು, ಸೋತವರಿಗೆ ಯಾರೂ ಪದಕ ಹೊಡೆಸುವುದಿಲ್ಲ. ಅಸಲಿ ನಮ್ಮ ಕೈಗೆ ಎಟಕುವ ಮಾಲಲ್ಲ, ಯಾರಾದರೂ ಅಗ್ಗಕ್ಕೆ ಕೊಡುತ್ತೇನೆ ಅಂದರೆ ಅನುಮಾನಪಡಿ. ಶ್ರೀರಂಗಪಟ್ಟಣದ ಪದಕವೂ ಹಾಗೆಯೇ, ಸಿಂಹ ಹುಲಿಯನ್ನು ಕೆಡವಿದ ಚಿತ್ರದ್ದು. ಅದು ಚಿನ್ನದಿಂದ ತವರದವರೆಗೆ ಬೇರೆ ಬೇರೆ ದರ್ಜೆಯಲ್ಲಿ ಬಂದಿತ್ತು, ನಕಲಿಗೂ ಕೊರತೆ ಇಲ್ಲ.

ಟಂಕಸಾಲೆಯವರು ಚಂದದ ಡಬ್ಬಿಯಲ್ಲಿಟ್ಟು ಮಾರುವ 75, 100, 125 ರೂಪಾಯಿಯ ಸ್ಮಾರಕ ನಾಣ್ಯಗಳ ಬಗ್ಗೆ ನನಗೆ ಅಷ್ಟೊಂದು ಉತ್ಸಾಹ ಇಲ್ಲ. ಬೇಕಾದವರು ನೇರವಾಗಿ ಸರಕಾರದ ವೆಬ್‌ಸೈಟಿನಿಂದ ತರಿಸಿಕೊಳ್ಳಿ, ನಡುವಿನವರಿಗೆ ಕೊಡಬೇಡಿ. ಚಲಾವಣೆಗೆ ಬಂದ ಸ್ಮಾರಕ ನಾಣ್ಯ ಬೇರೆ ಮಾತು. 2006ರಲ್ಲಿ ಬಸವೇಶ್ವರರದ್ದೂ ನಾರಾಯಣ ಗುರುಗಳದ್ದೂ ಐದು ರೂಪಾಯಿ ಬಂತು. ಕನ್ನಡ ಮಲಯಾಳದ ನಡುವೆ ಬದುಕುವ ನಮ್ಮಂಥವರ ಆಲ್ಬಮ್ಮಿನಲ್ಲಿ ಆ ಎರಡು ಪಕ್ಕಪಕ್ಕ ಇರಲಿ.

ಪದಕ ಒಬ್ಬರ ಮನೆಯದ್ದಾದರೆ ಕೊಡಿ ಕೊಡಿ ಅಂತ ಪೀಡಿಸಬೇಡಿ. ಎರಡೂ ಬದಿ, ಅಂಚು, ರಿಬ್ಬನ್ ಫೋಟೋ ತೆಗೆದು ಕಥೆ ಬರೆದುಕೊಂಡರೆ ನಿಮ್ಮ ಸಂಗ್ರಹಕ್ಕೆ ಸೇರಿದ ಹಾಗೆಯೇ.

ಮಳೆಗಾಲದಿಂದ ಕಾಪಾಡುವುದು

ನಮ್ಮೂರಿನ ಮಳೆಗಾಲ ಲೋಹಕ್ಕೂ ಕಾಗದಕ್ಕೂ ಶತ್ರು. ಆಟಿ ತಿಂಗಳಲ್ಲಿ ಕಪಾಟಿನೊಳಗಿನ ಬಟ್ಟೆಯೇ ಬೂಸ್ಟು ಹಿಡಿಯುತ್ತದೆ, ಇನ್ನು ತಾಮ್ರದ ಗತಿ ಏನು. ಹುಣಸೆ ಹುಳಿ, ಬೂದಿ, ನಿಂಬೆ, ಹೊಳಪಿನ ಪುಡಿ ಯಾವುದೂ ಬೇಡ. ನಂದಾದೀಪವನ್ನು ತಿಕ್ಕಿ ಬೆಳಗಿದ ಹಾಗೆ ಬೆಳಗಿದರೆ ನೂರು ವರ್ಷದ ಮೈಬಣ್ಣ ಒಂದು ನಿಮಿಷದಲ್ಲಿ ಹೋಗುತ್ತದೆ, ಮತ್ತೆ ಬರುವುದಿಲ್ಲ. ಮಣ್ಣು ಅಂಟಿದ್ದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಲ್ಲಿ ಒಂದು ದಿನ ನೆನೆಸಿ, ಹತ್ತಿ ಬಟ್ಟೆಯಿಂದ ಒತ್ತಿ ಒಣಗಿಸಿ, ಉಜ್ಜದೆ. ಎಣ್ಣೆ ಜಿಡ್ಡು, ಅಂಟು ಇದ್ದರೆ ಶುದ್ಧ ಅಸಿಟೋನ್, ಕಿಟಕಿ ತೆರೆದಿಟ್ಟು, ಒಲೆಯಿಂದ ದೂರ. ಪುಡಿಪುಡಿಯಾದ ತಿಳಿಹಸಿರು ಕಿಲುಬು ಕಂಡರೆ ಆ ವಸ್ತುವನ್ನು ಮೊದಲು ಬೇರೆ ಡಬ್ಬಕ್ಕೆ ಹಾಕಿ.

ಇಡುವುದಕ್ಕೆ ಮೆತ್ತಗಿನ ಪಿವಿಸಿ ಜೇಬುಗಳ ಆಲ್ಬಮ್ ಅಗ್ಗ, ಆದರೆ ಬೇಡ. ನಮ್ಮ ಸೆಕೆಗೆ ಅದು ಬೆವತು ಹಸಿರು ಅಂಟು ಬಿಡುತ್ತದೆ. ರಟ್ಟಿನ ಚೌಕದಲ್ಲಿ ಮೈಲಾರ್ ಎಂಬ ಪಾರದರ್ಶಕ ಹಾಳೆಯ ಕಿಟಕಿ ಇರುವ ಹೋಲ್ಡರ್ ತೆಗೆದುಕೊಳ್ಳಿ. ಅವನ್ನು ಗಾಳಿ ಹೋಗದ ಡಬ್ಬದಲ್ಲಿಟ್ಟು ತೇವ ಹೀರುವ ಸಿಲಿಕಾ ಜೆಲ್ ಹಾಕಿ, ಬಣ್ಣ ಬದಲಾದಾಗ ಅದನ್ನು ಒಣಗಿಸಿ ಮತ್ತೆ ಬಳಸಿ. ಕಾಗದದ ನೋಟಿಗೆ ಲ್ಯಾಮಿನೇಷನ್ ಮಾಡಿಸಿದರೆ ಅಲ್ಲಿಗೆ ಅದರ ಕಥೆ ಮುಗಿಯಿತು, ಸೆಲ್ಲೋಟೇಪ್ ಅದಕ್ಕಿಂತಲೂ ಕಡೆ. ಡಬ್ಬ ನೆಲದ ಮೇಲೆ, ಗೋಡೆಗೆ ತಾಗಿ ಇರಬಾರದು, ಒರಲೆ ಬರುವುದು ಅಲ್ಲಿಂದಲೇ.

ಕಾನೂನು

ಬಾವಿಯೋ ಸುರಂಗವೋ ತೋಡುವಾಗ ಮಣ್ಣಿನಡಿಯಿಂದ ಹಳೆ ನಾಣ್ಯ, ಪದಕದ ಗಂಟು ಸಿಕ್ಕಿದರೆ ಅದು ನಿಮ್ಮ ಸಂಗ್ರಹ ಅಲ್ಲ, ನಿಧಿ. ಕಲೆಕ್ಟರಿಗೆ ತಿಳಿಸಬೇಕು. ನೂರು ವರ್ಷ ದಾಟಿದ ನಾಣ್ಯ, ಪದಕ 1972ರ ಪ್ರಾಚ್ಯವಸ್ತು ಕಾಯ್ದೆಯ ಕೆಳಗೆ ಬರುತ್ತದೆ, ದೇಶದ ಹೊರಗೆ ಕೊಂಡೊಯ್ಯುವ ಹಾಗಿಲ್ಲ. ದುಬೈಯಲ್ಲಿರುವ ಭಾವನಿಗೆ ಉಡುಗೊರೆ ಅಂತ ಬ್ಯಾಗಿಗೆ ಹಾಕಿಕೊಂಡು ವಿಮಾನ ನಿಲ್ದಾಣಕ್ಕೆ ಹೋಗಬೇಡಿ. ಹಣದ ಹಾಗೆ ಚಲಾಯಿಸಲು ಸ್ವಂತ ಲೋಹದ ಟೋಕನ್ ಮಾಡುವುದಕ್ಕೆ 1889ರಲ್ಲೇ ನಿಷೇಧ ಬಂದಿತ್ತು, ಈಗ 2011ರ ನಾಣ್ಯ ಕಾಯ್ದೆಯಲ್ಲೂ ಇದೆ. ನಾಣ್ಯ ಕರಗಿಸುವುದೂ ಅಪರಾಧ.

ಕಾರ್ಡು ಮತ್ತು ಪಟ್ಟಿ

ಒಂದೊಂದು ವಸ್ತುವಿಗೂ ಒಂದು ನಂಬರ್, ಒಂದು ಕಾರ್ಡು. ವಸ್ತುವಿನ ಮೇಲೆ ಬರೆಯಬೇಡಿ, ಹೋಲ್ಡರಿನ ಮೇಲೆ ಬರೆಯಿರಿ. ಕಾರ್ಡಿನಲ್ಲಿ ತೂಕ, ಅಡ್ಡಳತೆ, ಲೋಹ, ಎರಡೂ ಬದಿಯ ಬರಹ ಇದ್ದ ಹಾಗೇ, ತಪ್ಪು ಕಾಗುಣಿತ ಇದ್ದರೆ ಅದೂ ಇದ್ದ ಹಾಗೇ. ಎಲ್ಲಿ ಸಿಕ್ಕಿತು, ಯಾವ ದಿನ, ಎಷ್ಟು ಕೊಟ್ಟಿರಿ. ಕೊಟ್ಟವರು ಹೇಳಿದ ಮಾತನ್ನು ಅವರ ಮಾತಿನಲ್ಲೇ ಬರೆದು, ನಿಮ್ಮ ಊಹೆಯನ್ನು ಬೇರೆ ಬಣ್ಣದ ಶಾಯಿಯಲ್ಲಿ ಬರೆಯಿರಿ. ಎರಡನ್ನೂ ಕಲಸಿದರೆ ಮುಂದೆ ನಿಮಗೇ ಗೊತ್ತಾಗುವುದಿಲ್ಲ ಯಾವುದು ಯಾವುದು ಅಂತ.

ಹೋಲಿಸಿ ನೋಡಲು ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯಕ್ಕೆ ಒಮ್ಮೆ ಪುರುಸೊತ್ತಿನಲ್ಲಿ ಹೋಗಿ. ಮುಂಬೈಗೆ ಹೋಗುವ ಸಂದರ್ಭ ಬಂದರೆ ರಿಸರ್ವ್ ಬ್ಯಾಂಕಿನ ಮ್ಯೂಸಿಯಂ ಬಿಡಬೇಡಿ.

ಪಟ್ಟಿಯನ್ನು ಮನೆಯಲ್ಲಿ ಇನ್ನೊಬ್ಬರಿಗಾದರೂ ತೋರಿಸಿಡಿ. ಯಾವುದಕ್ಕೆ ಬೆಲೆ ಇದೆ, ಯಾವುದು ಬರೀ ಪ್ರೀತಿಗೆ ಇಟ್ಟದ್ದು ಅಂತ ಪಕ್ಕದಲ್ಲಿ ಗುರುತು ಹಾಕಿ, ಇಲ್ಲದಿದ್ದರೆ ಎಲ್ಲವೂ ಒಂದೇ ಚೀಲದಲ್ಲಿ ಗುಜರಿಗೆ ವಾಪಸ್ ಹೋಗುತ್ತದೆ. ಪಟ್ಟಿಯ ಒಂದು ಪ್ರತಿ, ಫೋಟೋಗಳ ಜೊತೆ, ಬೇರೊಂದು ಮನೆಯಲ್ಲಿ ಇರಲಿ.